ಹೆದರಿದ ನಾಯಿ ಮತ್ತೆ ಮನುಷ್ಯರನ್ನು ನಂಬಬೇಕಾದರೆ: ಸಮಗ್ರ ಮಾರ್ಗದರ್ಶಿ

ರಕ್ಷಿಸಿ ತಂದ ನಾಯಿ ವಾರಗಳು ಕಳೆದರೂ ಮಂಚದ ಕೆಳಗಿನಿಂದ ಹೊರಗೆ ಬರುತ್ತಿಲ್ಲ. ಕೈಯಿಂದ ತಿಂಡಿ ತಿನ್ನುತ್ತದೆ, ಆದರೆ ಮುಟ್ಟಲು ಹೋದರೆ ಹಲ್ಲು ತೋರಿಸುತ್ತದೆ. ನಾಲ್ಕು ದಿನ ಸುಧಾರಿಸಿದಂತೆ ಕಂಡು ಐದನೆಯ ದಿನ ಮೊದಲಿನಂತೆಯೇ ಮೂಲೆ ಸೇರುತ್ತದೆ. ಇಂತಹ ನಾಯಿಯನ್ನು ಮನೆಗೆ ತಂದವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳಿವು. ಇವರಲ್ಲಿ ಬಹುತೇಕರಿಗೆ ಅಕ್ಕರೆಯ ಕೊರತೆಯಿಲ್ಲ, ತಾಳ್ಮೆಯ ಕೊರತೆಯೂ ಇಲ್ಲ. ಅವರು ಎಡವುವುದು ಕ್ರಮದಲ್ಲಿ: ನಾಯಿಗೂ ತಮಗೂ ನಡುವೆ ಇರುವ ಅಂತರವನ್ನು ತಾವೇ ಕಡಿಮೆ ಮಾಡಲು ಹೊರಡುತ್ತಾರೆ. ಮುಂದಿನ ಎಲ್ಲ ಹಂತಗಳೂ ಒಂದೇ ನಿಯಮವನ್ನು ಆಧರಿಸಿವೆ. ಹತ್ತಿರ ಬರುವ ನಿರ್ಧಾರ ನಾಯಿಯದು. ದೂರ ಸರಿಯುವ ದಾರಿಯನ್ನು ಸದಾ ತೆರೆದಿಡುವ ಹೊಣೆ ನಮ್ಮದು.

## ನಾಯಿ ಬರುವ ಮೊದಲೇ ಒದಗಿಸಿಕೊಳ್ಳಬೇಕಾದ ಸಾಮಗ್ರಿ

ಅತ್ಯಂತ ಮುಖ್ಯವಾದದ್ದು ತಪ್ಪಿಸಿಕೊಳ್ಳಲಾಗದ ಹಾರ್ನೆಸ್, ಅಂದರೆ ಕೊರಳಿನ ಬದಲು ಮೈಗೆ ತೊಡಿಸುವ ಪಟ್ಟಿಗಳ ಜೋಡಣೆ. ಗಾಬರಿಗೊಂಡ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ. ಸಾಮಾನ್ಯ ಕೊರಳಪಟ್ಟಿಯಿಂದ ಅದಕ್ಕೆ ಕ್ಷಣದಲ್ಲಿ ತಲೆ ಹೊರತೆಗೆಯಲು ಸಾಧ್ಯ. ಆದ್ದರಿಂದ ಎದೆಯ ಪಟ್ಟಿ ಮತ್ತು ಮುಂಗಾಲುಗಳ ಹಿಂದಿನ ಪಟ್ಟಿಯ ಜೊತೆಗೆ ಪಕ್ಕೆಲುಬುಗಳ ಆಚೆ, ಹೊಟ್ಟೆ ಸಣ್ಣಗಾಗುವ ಜಾಗದಲ್ಲಿ ಮೂರನೆಯ ಪಟ್ಟಿಯೂ ಇರುವ ಹಾರ್ನೆಸ್ ಬೇಕು. ಅದರ ಜೊತೆಗೆ ಎರಡು ಮೀಟರಿನ ಒಂದು ಲೀಶ್ (ನಾಯಿಯನ್ನು ಹಿಡಿದು ನಡೆಸುವ ಪಟ್ಟಿ), ಐದರಿಂದ ಹತ್ತು ಮೀಟರಿನ ಒಂದು ಉದ್ದನೆಯ ಹಗ್ಗ, ಫೋನ್ ಸಂಖ್ಯೆ ಬರೆದ ಬಿಲ್ಲೆ ಮತ್ತು ಸಾಧ್ಯವಿದ್ದರೆ ಮೈಕ್ರೋಚಿಪ್ (ಚರ್ಮದಡಿ ಇರಿಸುವ ಗುರುತಿನ ಚಿಪ್) ಇರಲಿ. ತಾನಾಗಿಯೇ ಉದ್ದವಾಗುವ ಹಿಡಿಕೆಯ ಲೀಶ್ ಬೇಡವೇ ಬೇಡ. ಕೈಜಾರಿದರೆ ಆ ಹಿಡಿಕೆ ಸದ್ದು ಮಾಡುತ್ತ ನಾಯಿಯ ಬೆನ್ನಟ್ಟುತ್ತದೆ, ನಾಯಿ ಮತ್ತಷ್ಟು ಬೆದರಿ ಓಡುತ್ತದೆ.

ಉಳಿದಂತೆ ಬಾಗಿಲುಗಳಿಗೆ ಅಡ್ಡಗೇಟು, ಮೂರು ಕಡೆ ಮುಚ್ಚಿದ ಗೂಡು ಅಥವಾ ಹೊದಿಕೆ ಹಾಕಿದ ಕ್ರೇಟ್, ಜಾರದ ನೆಲಹಾಸು ಬೇಕಾಗುತ್ತವೆ. ತರಬೇತಿಯ ತಿಂಡಿ ಮೆತ್ತಗಿರಬೇಕು, ಘಮ್ಮೆನ್ನುವಂತಿರಬೇಕು ಮತ್ತು ಬಟಾಣಿ ಕಾಳಿನಷ್ಟು ಚಿಕ್ಕದಾಗಿರಬೇಕು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಮಾಂಸ ಬಹುತೇಕ ನಾಯಿಗಳಿಗೆ ಒಗ್ಗುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಮತ್ತು ಸಕ್ಕರೆಯ ಬದಲು ಬಳಸುವ ಕ್ಸೈಲಿಟಾಲ್ ಸೇರಿಸಿದ ಸಿಹಿಪದಾರ್ಥಗಳು ನಾಯಿಗೆ ವಿಷ.

## ಭಯದ ಗುರುತುಗಳನ್ನು ಓದುವುದು

ಬಾಲ ಕಾಲುಗಳ ನಡುವೆ ಸೇರಿದರೆ ಭಯವೆಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಅಷ್ಟರ ಹೊತ್ತಿಗೆ ನಾಯಿ ಹಲವು ಸಣ್ಣ ಸೂಚನೆಗಳನ್ನು ಕೊಟ್ಟಾಗಿರುತ್ತದೆ. ಊಟವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಯ ಭಾಗ ಕಾಣುವಂತೆ ಓರೆಯಾಗಿ ನೋಡುವುದು, ಒಂದು ಮುಂಗಾಲನ್ನು ಎತ್ತಿ ನಿಲ್ಲುವುದು, ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು, ಇದ್ದಕ್ಕಿದ್ದಂತೆ ರಾಶಿ ಕೂದಲು ಉದುರಿಸುವುದು, ಇವೆಲ್ಲ ಒತ್ತಡದ ಲಕ್ಷಣಗಳು. ಇವು ಕಂಡಾಗಲೇ ಒಂದು ಹೆಜ್ಜೆ ಹಿಂದೆ ಸರಿದರೆ ಗುರುಗುಟ್ಟುವಿಕೆಯವರೆಗೆ ವಿಷಯ ಹೋಗುವುದೇ ಇಲ್ಲ.

ಎಲ್ಲಕ್ಕಿಂತ ತಪ್ಪಾಗಿ ಅರ್ಥೈಸಲಾಗುವ ಗುರುತು ನಿಶ್ಚಲತೆ. ಮೈ ಬಿಗಿಹಿಡಿದು, ಉಸಿರು ಸಣ್ಣಗಾಗಿಸಿ, ಬಾಯಿ ಮುಚ್ಚಿ ಅಲುಗಾಡದೆ ಮಲಗಿದ ನಾಯಿಯನ್ನು ಜನ ‘ಎಷ್ಟು ಸಾಧು’ ಎಂದು ತಡವುತ್ತಾರೆ. ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏನು ಮಾಡಿದರೂ ನೋವು ತಪ್ಪದೆಂದು ಕಲಿತ ನಾಯಿಗಳು ಮುಂದೆ ಪಾರಾಗುವ ಅವಕಾಶ ಸಿಕ್ಕಾಗಲೂ ಹೆಚ್ಚಾಗಿ ಪ್ರಯತ್ನಿಸದೆ ಸುಮ್ಮನಿದ್ದವು. ಸುಮ್ಮನಿರುವ ನಾಯಿಯೆಲ್ಲ ನೆಮ್ಮದಿಯಾಗಿದೆ ಎಂದಲ್ಲ. ನೆಮ್ಮದಿಯ ನಾಯಿ ಮೈ ಸಡಿಲಬಿಟ್ಟಿರುತ್ತದೆ, ಸುತ್ತ ನೋಡುತ್ತದೆ, ಮಗ್ಗುಲು ಬದಲಿಸುತ್ತದೆ, ಕೊಟ್ಟದ್ದನ್ನು ತಿನ್ನುತ್ತದೆ.

ಗುರುಗುಟ್ಟಿದ್ದಕ್ಕೆ ಎಂದೂ ಗದರಿಸಬೇಡಿ. ಗದರಿಸಿದರೆ ಹೋಗುವುದು ಎಚ್ಚರಿಕೆ ಮಾತ್ರ, ಭಯ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಆ ನಾಯಿ ಸದ್ದಿಲ್ಲದೆ ಕಚ್ಚಬಹುದು.

## ಹಂತ 1: ನೋವು ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಹಲ್ಲುನೋವು, ಕಿವಿಯ ಸೋಂಕು, ಸೊಂಟದ ಕೀಲಿನ ತೊಂದರೆ, ವಾಸಿಯಾಗದ ಹಳೆಯ ಮುರಿತ, ಇವು ಇರುವ ನಾಯಿ ಮುಟ್ಟಿಸಿಕೊಳ್ಳಲು ಒಪ್ಪದಿರುವುದು ಸಹಜ. ಇದನ್ನು ಭಯವೆಂದುಕೊಂಡು ತಿಂಗಳುಗಟ್ಟಲೆ ತರಬೇತಿ ಕೊಟ್ಟರೂ ಫಲ ಸಿಗುವುದಿಲ್ಲ. ನಾಯಿಯನ್ನು ಕೊಡುವವರು ತಪಾಸಣೆ ಮಾಡಿಸಿರದಿದ್ದರೆ, ಮನೆಗೆ ಕರೆತರುವ ದಾರಿಯಲ್ಲೇ ಪಶುವೈದ್ಯರಿಗೆ ತೋರಿಸುವುದು ಜಾಣತನ; ಮನೆಯಲ್ಲಿ ಸ್ವಲ್ಪ ನೆಲೆ ಕಂಡುಕೊಂಡ ನಾಯಿಯನ್ನು ಎರಡೇ ದಿನಕ್ಕೆ ಮತ್ತೆ ಹಿಡಿದು ಎತ್ತಿಕೊಂಡು ಹೋದರೆ ಗಳಿಸಿದ್ದೆಲ್ಲ ಕೈಬಿಡುತ್ತದೆ. ರೇಬಿಸ್ ಲಸಿಕೆ, ಹುಳುವಿನ ಔಷಧ, ಉಣ್ಣಿ ಮತ್ತು ಚಿಗಟಗಳ ಚಿಕಿತ್ಸೆ ಅದೇ ಭೇಟಿಯಲ್ಲಿ ಮುಗಿಯಲಿ. ಹಾರ್ನೆಸ್ ತೊಡಿಸುವುದಕ್ಕೂ ಅದೇ ಸರಿಯಾದ ಸಮಯ. ಆದರೆ ಅದು ಉಜ್ಜದಂತೆ ಸಡಿಲವೂ ಕಳಚದಂತೆ ಬಿಗಿಯೂ ಆಗಿರಬೇಕು: ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು.

## ಹಂತ 2: ಒಂದು ಕೋಣೆ, ಒಂದು ಮರೆ

ಇಡೀ ಮನೆಯನ್ನು ಒಮ್ಮೆಗೇ ಬಿಟ್ಟುಕೊಡಬೇಡಿ. ಓಡಾಟ ಕಡಿಮೆ ಇರುವ ಒಂದು ಕೋಣೆಯಲ್ಲಿ, ಬಾಗಿಲಿಗೆ ದೂರವಾದ ಮೂಲೆಯಲ್ಲಿ ಗೂಡನ್ನಿಡಿ. ನಾಯಿ ಅದರೊಳಗಿಂದ ಬಾಗಿಲನ್ನು ನೋಡುವಂತಿರಬೇಕು, ಏಕೆಂದರೆ ಯಾರು ಬರುತ್ತಿದ್ದಾರೆಂದು ಕಾಣದ ಜಾಗ ಅದಕ್ಕೆ ಆಸರೆಯಾಗುವುದಿಲ್ಲ. ಮಂಚದ ಅಡಿ, ಕಪಾಟಿನ ಹಿಂದೆ ಮುಂತಾದ ಕೈಗೆಟುಕದ ಸಂದುಗಳನ್ನು ಮೊದಲೇ ಮುಚ್ಚಿಬಿಡಿ. ಗೂಡಿನೊಳಗೆ ಕೈ ಹಾಕುವುದು, ಬಗ್ಗಿ ಇಣುಕುವುದು, ಅಲ್ಲಿಂದ ಎಳೆದು ಹೊರತರುವುದು ಮನೆಯ ಎಲ್ಲರಿಗೂ ನಿಷಿದ್ಧ. ಈ ಒಂದು ನಿಯಮವನ್ನು ಮಕ್ಕಳಿಗೆ ಹೇಳಿಕೊಡುವುದಷ್ಟೇ ಸಾಲದು, ಗೇಟು ಹಾಕಿ ಪಾಲಿಸಬೇಕು.

ತಪ್ಪಿಸಿಕೊಳ್ಳುವ ಅಪಾಯ ಮೊದಲ ವಾರಗಳಲ್ಲಿ ಅತಿ ಹೆಚ್ಚು. ಕೋಣೆಯಿಂದ ಬೀದಿಗೆ ನಡುವೆ ಯಾವಾಗಲೂ ಮುಚ್ಚಿದ ಎರಡು ಬಾಗಿಲುಗಳಿರಲಿ. ಒಂದು ವೇಳೆ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಹತ್ತು ಜನ ಸೇರಿ ಹೆಸರು ಕೂಗಬೇಡಿ. ಭಯದಲ್ಲಿರುವ ನಾಯಿ ಪರಿಚಿತರ ಕೂಗಿಗೂ ಓಡುತ್ತದೆ. ನಾಯಿ ಕಣ್ಣಿಗೆ ಬಿದ್ದರೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ತಿಂಡಿ ಚೆಲ್ಲಿ. ಕಾಣದಿದ್ದರೆ ಅದು ಕೊನೆಯದಾಗಿ ಕಂಡ ಜಾಗದಲ್ಲಿ ಆಹಾರ ಮತ್ತು ಅದರದೇ ಹಾಸಿಗೆಯನ್ನಿಟ್ಟು, ದೂರದಿಂದ ಕಾಯಿರಿ.

## ಹಂತ 3: ಏನನ್ನೂ ಕೇಳದ ದಿನಗಳು

ಮೊದಲ ಕೆಲವು ದಿನ ನಾಯಿಯಿಂದ ಏನನ್ನೂ ನಿರೀಕ್ಷಿಸಬಾರದು. ಊಟ, ನೀರು, ಮಲಮೂತ್ರಕ್ಕೆ ಜಾಗ, ಪ್ರತಿದಿನ ಒಂದೇ ಹೊತ್ತಿಗೆ ನಡೆಯುವ ದಿನಚರಿ, ಇಷ್ಟೇ ಸಾಕು. ಮುಂದೆ ಏನಾಗುತ್ತದೆಂದು ಊಹಿಸಲು ಆಗುವುದೇ ಹೆದರಿದ ಪ್ರಾಣಿಗೆ ದೊಡ್ಡ ಸಮಾಧಾನ. ಕೋಣೆಗೆ ಹೋಗುವ ಮೊದಲು ಮೆಲ್ಲಗೆ ಒಂದೇ ಮಾತು ಹೇಳಿ, ನೇರವಾಗಿ ನಾಯಿಯ ಕಡೆ ನಡೆಯದೆ ಬಳಸಿಕೊಂಡು ಹೋಗಿ, ಕೆಲಸ ಮುಗಿಸಿ ಹೊರಬನ್ನಿ. ದಿನಕ್ಕೆ ಒಂದೆರಡು ಸಲ ಕೋಣೆಯ ಇನ್ನೊಂದು ತುದಿಯಲ್ಲಿ ನಾಯಿಗೆ ಪಕ್ಕವಾಗಿ ನೆಲದ ಮೇಲೆ ಕುಳಿತು ಏನನ್ನಾದರೂ ಮೆಲುದನಿಯಲ್ಲಿ ಓದಿಕೊಳ್ಳಿ. ನಾಯಿಯನ್ನು ನೋಡಬೇಡಿ, ಕರೆಯಬೇಡಿ.

ಕೆಲವು ನಾಯಿಗಳು ಮೊದಲ ದಿನ ಮನುಷ್ಯರ ಎದುರು ಏನನ್ನೂ ತಿನ್ನುವುದಿಲ್ಲ. ಬಟ್ಟಲಿಟ್ಟು ಹೊರಗೆ ಹೋದರೆ ರಾತ್ರಿ ತಿನ್ನುತ್ತವೆ. ಹಾಗಿದ್ದರೂ ವಯಸ್ಕ ನಾಯಿ ಎರಡು ದಿನ ಊಟ ಮುಟ್ಟದಿದ್ದರೆ, ಒಂದು ದಿನ ಪೂರ್ತಿ ನೀರು ಕುಡಿಯದಿದ್ದರೆ ಅಥವಾ ಮೂತ್ರ ಮಾಡದಿದ್ದರೆ ವೈದ್ಯರಿಗೆ ತಿಳಿಸಬೇಕು. ಮರಿಗಳ ವಿಷಯದಲ್ಲಿ ಇಷ್ಟು ಹೊತ್ತು ಕಾಯಲೇಬಾರದು.

ನಾಯಿ ಹೊಸ ಮನೆಗೆ ಹಂತಹಂತವಾಗಿ ಒಗ್ಗಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವೊಂದು ಚಾಲ್ತಿಯಲ್ಲಿದೆ. ಸ್ಥೂಲವಾದ ಧೈರ್ಯಕ್ಕೆ ಅದನ್ನು ಇಟ್ಟುಕೊಳ್ಳಬಹುದೇ ಹೊರತು, ತೀವ್ರವಾಗಿ ಹೆದರಿದ ನಾಯಿಗೆ ಅದು ಅನ್ವಯಿಸುವುದಿಲ್ಲ. ಕ್ಯಾಲೆಂಡರ್ ನೋಡಿ ಮುಂದಿನ ಹಂತಕ್ಕೆ ಹೋಗಬೇಡಿ. ನೀವು ಕೋಣೆಯಲ್ಲಿರುವಾಗಲೇ ನಾಯಿ ತಿನ್ನಲು ಆರಂಭಿಸಿದರೆ ಮಾತ್ರ ಹೋಗಿ.

## ಹಂತ 4: ಮೊದಲು ಮನುಷ್ಯ, ಆಮೇಲೆ ತಿಂಡಿ

ಇಲ್ಲಿ ನಾಯಿ ಕಲಿಯಬೇಕಾದ ಪಾಠ ಒಂದೇ: ಮನುಷ್ಯ ಕಾಣಿಸಿಕೊಂಡರೆ ಒಳ್ಳೆಯದೇನೋ ಸಿಗುತ್ತದೆ. ಇದಕ್ಕೆ ಕ್ರಮವೇ ಜೀವಾಳ. ನೀವು ಬಾಗಿಲಲ್ಲಿ ಕಾಣಿಸಿಕೊಳ್ಳಬೇಕು, ನಾಯಿ ನಿಮ್ಮನ್ನು ಗಮನಿಸಬೇಕು, ಒಂದು ಕ್ಷಣ ಬಿಟ್ಟು ತಿಂಡಿ ಅದರತ್ತ ಬೀಳಬೇಕು, ನೀವು ಮರೆಯಾದೊಡನೆ ತಿಂಡಿಯೂ ನಿಲ್ಲಬೇಕು. ಚೀಲದ ಸರಬರ ಸದ್ದು ಮೊದಲು ಕೇಳಿ ಆಮೇಲೆ ನೀವು ಕಾಣಿಸಿಕೊಂಡರೆ ಪಾಠ ತಿರುಗುಮುರುಗಾಗುತ್ತದೆ: ತಿಂಡಿಯ ಸದ್ದು ಬಂದರೆ ಹೆದರಿಸುವ ಮನುಷ್ಯ ಬರುತ್ತಾನೆಂದು ನಾಯಿ ಕಲಿತು, ತಿಂಡಿಯನ್ನೇ ಅನುಮಾನಿಸಲು ತೊಡಗುತ್ತದೆ. ಕಷ್ಟಪಟ್ಟರೂ ಫಲ ಸಿಗದವರ ಮನೆಯಲ್ಲಿ ಈ ತಪ್ಪು ಬಹಳ ಸಾಮಾನ್ಯ. ತಿಂಡಿಯನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೋಗಿ.

ತಿಂಡಿಗಾಗಿ ನಾಯಿ ಏನನ್ನೂ ಮಾಡಬೇಕಾಗಿಲ್ಲ. ಕುಳಿತುಕೋ, ಬಾ ಎಂಬ ಆಜ್ಞೆಗಳು ಇಲ್ಲಿ ಬೇಡ. ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಒಂದೆರಡು ನಿಮಿಷ ಸಾಕು. ತಿಂಡಿ ಬಿದ್ದರೂ ನಾಯಿ ಮೂಸದಿದ್ದರೆ ನೀವು ತೀರಾ ಹತ್ತಿರದಲ್ಲಿದ್ದೀರಿ ಎಂದರ್ಥ. ಇಷ್ಟವಾದುದನ್ನೂ ತಿನ್ನದಿರುವುದು ಭಯ ಮಿತಿಮೀರಿದ್ದರ ಗುರುತು. ನೀವು ಕಂಡೊಡನೆ ನಾಯಿ ಕಿವಿ ಮುಂದೆ ಮಾಡಿ ನಿಮ್ಮ ಕೈಯ ಕಡೆ ನೋಡಲು ಶುರುಮಾಡಿದಾಗ ಈ ಹಂತ ಮುಗಿಯಿತು.

## ಹಂತ 5: ಹತ್ತಿರ ಕರೆಯದೆ ಹತ್ತಿರ ಬರಿಸುವುದು

ಹೆಚ್ಚಿನವರು ಇಲ್ಲಿ ಅಂಗೈಯಲ್ಲಿ ತಿಂಡಿಯಿಟ್ಟು ಕೈ ಚಾಚುತ್ತಾರೆ. ಹಸಿದ ನಾಯಿ ಬರುವುದೂ ಉಂಟು, ಆದರೆ ಅದು ಬರುವ ರೀತಿಯನ್ನು ಗಮನಿಸಿ. ಹಿಂಗಾಲುಗಳು ಎಲ್ಲಿದ್ದವೋ ಅಲ್ಲೇ ನೆಟ್ಟಿರುತ್ತವೆ, ಬೆನ್ನು ಇಳಿದು ಮೈಭಾರವೆಲ್ಲ ಹಿಂದಕ್ಕಿರುತ್ತದೆ, ಕುತ್ತಿಗೆಯೊಂದೇ ರಬ್ಬರಿನಂತೆ ಉದ್ದವಾಗಿ, ತುಟಿಯ ತುದಿಯಿಂದ ಚೂರನ್ನು ಕಿತ್ತುಕೊಂಡು ನಾಯಿ ಹಿಂದಕ್ಕೆ ಜಿಗಿಯುತ್ತದೆ. ನಾಯಿ ನಮ್ಮನ್ನು ನಂಬಿ ಬರಲಿಲ್ಲ, ತಿಂಡಿ ಅದನ್ನು ಭಯದ ವಲಯದೊಳಕ್ಕೆ ಎಳೆದು ತಂದಿತು. ತಿಂಡಿ ಬಾಯಿಗೆ ಹೋದ ಮರುಕ್ಷಣ ತಾನು ಎಷ್ಟು ಹತ್ತಿರದಲ್ಲಿದ್ದೇನೆಂದು ಅದಕ್ಕೆ ಅರಿವಾಗುತ್ತದೆ, ಕಚ್ಚುವ ಸಾಧ್ಯತೆ ಹೆಚ್ಚಿರುವುದು ಆಗಲೇ.

ಇದರ ಬದಲು ತಿಂಡಿಯನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ಪಕ್ಕವಾಗಿ ಕುಳಿತು, ಕೈಯನ್ನು ತಲೆಯ ಮೇಲೆ ಎತ್ತದೆ, ನೆಲದಲ್ಲಿ ಉರುಳಿಸಿದಂತೆ ಎಸೆದರೆ ಸಾಕು. ನಾಯಿ ನಿಮ್ಮಿಂದ ದೂರ ಹೋಗಿ ತಿನ್ನುತ್ತದೆ. ದೂರ ಸರಿದದ್ದರಿಂದ ಅದರ ಮೇಲಿನ ಒತ್ತಡ ಇಳಿಯುತ್ತದೆ, ತಿಂಡಿಯ ಜೊತೆಗೆ ನಿರಾಳವೂ ಸಿಗುತ್ತದೆ. ತಿಂದು ಮುಗಿಸಿ ತಾನಾಗಿಯೇ ನಿಮ್ಮತ್ತ ತಿರುಗುತ್ತದೆ, ಒಂದೆರಡು ಹೆಜ್ಜೆ ಇಡುತ್ತದೆ. ಅದು ನಿಂತ ಜಾಗದಲ್ಲೇ ಮತ್ತೆ ಅದರ ಹಿಂದಕ್ಕೆ ಎಸೆಯಿರಿ. ಹೀಗೆ ಮುಂದುವರಿದಂತೆ ನಾಯಿ ನಿಲ್ಲುವ ಜಾಗ ತಾನಾಗಿಯೇ ನಿಮ್ಮ ಹತ್ತಿರಕ್ಕೆ ಸರಿಯುತ್ತ ಬರುತ್ತದೆ. ಹತ್ತಿರ ಬಂತೆಂದು ಕೈ ಚಾಚುವ ಆಸೆಯನ್ನು ತಡೆದುಕೊಳ್ಳಬೇಕು, ಮುಖ ನೋಡುವ ಆಸೆಯನ್ನೂ ತಡೆದುಕೊಳ್ಳಬೇಕು. ಕಷ್ಟವೆಂಬುದು ನಿಜ, ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಸಂಯಮ ಬೇರೆಯಿಲ್ಲ.

ಬಾಲಕ್ಕಿಂತ ಹಿಂಗಾಲುಗಳನ್ನು ನೋಡುವುದನ್ನು ರೂಢಿಸಿಕೊಳ್ಳಿ. ನಾಲ್ಕೂ ಕಾಲುಗಳು ಮೈಯ ಕೆಳಗೇ ಇದ್ದು, ಬೆನ್ನು ಸಹಜವಾಗಿದ್ದು, ತಿಂದ ಮೇಲೂ ನಾಯಿ ಅಲ್ಲೇ ನಿಂತು ನಿಮ್ಮ ಬೂಟನ್ನೋ ಮೊಣಕಾಲನ್ನೋ ಮೂಸಿದರೆ ಅದು ನಿಜವಾದ ಪ್ರಗತಿ. ಆಗ ಮೊದಲ ಬಾರಿಗೆ ತಿಂಡಿಯನ್ನು ನಿಮ್ಮ ಕಾಲಿನ ಪಕ್ಕ ನೆಲದ ಮೇಲೆ ಇಡಬಹುದು, ಆಮೇಲೆ ನೆಲಕ್ಕೆ ತಾಗಿಸಿದ ಅಂಗೈ ಮೇಲೆ.

## ಹಂತ 6: ಅನುಮತಿ ಕೇಳಿ ಮುಟ್ಟುವುದು

ನಾಯಿ ತಾನಾಗಿ ಬಂದು ಮೈ ತಾಗಿಸಿ ನಿಂತ ಮೇಲಷ್ಟೇ ಸ್ಪರ್ಶದ ಮಾತು. ತಲೆಯ ಮೇಲಿನಿಂದ ಕೈ ತರಬೇಡಿ. ಎದೆಯ ಬದಿ ಅಥವಾ ಭುಜವನ್ನು ಕೆಳಗಿನಿಂದ ಮೂರು ಸೆಕೆಂಡು ಮೆಲ್ಲಗೆ ಸವರಿ ಕೈ ಹಿಂತೆಗೆಯಿರಿ. ಈಗ ಕಾಯಿರಿ. ನಾಯಿ ಇನ್ನಷ್ಟು ಒರಗಿದರೆ ಅಥವಾ ಮೂಗಿನಿಂದ ಕೈ ತಳ್ಳಿದರೆ ಮತ್ತೆ ಮೂರು ಸೆಕೆಂಡು ಸವರಿ. ಸುಮ್ಮನೆ ನಿಂತರೆ, ತುಟಿ ನೆಕ್ಕಿದರೆ, ಮುಖ ತಿರುಗಿಸಿದರೆ ಅಥವಾ ಮೈ ಕೊಡವಿದರೆ ಅದನ್ನು ಬೇಡವೆಂದೇ ತೆಗೆದುಕೊಳ್ಳಿ. ತನ್ನ ‘ಬೇಡ’ಕ್ಕೆ ಬೆಲೆಯಿದೆ ಎಂದು ಕಂಡುಕೊಂಡ ನಾಯಿಗೆ ಗುರುಗುಟ್ಟುವ ಅಗತ್ಯ ಬೀಳುವುದಿಲ್ಲ.

ತಿಂಡಿ ತಿನ್ನಿಸುತ್ತಲೇ ಇನ್ನೊಂದು ಕೈಯಿಂದ ಕದ್ದು ಮುಟ್ಟುವ ಅಭ್ಯಾಸ ಬೇಡ. ಅದರಿಂದ ತಿಂಡಿಯೇ ಬಲೆಯಾಗಿಬಿಡುತ್ತದೆ. ಅಪ್ಪಿಕೊಳ್ಳುವುದು, ಮುಖಕ್ಕೆ ಮುಖ ತರುವುದು, ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸುವುದು ಎಷ್ಟೇ ಸಲಿಗೆ ಬೆಳೆದರೂ ಸಲ್ಲದು. ಆದರೆ ಗುಡುಗಿಗೋ ಪಟಾಕಿಗೋ ನಡುಗಿದ ನಾಯಿ ತಾನಾಗಿ ಬಂದು ಒರಗಿದರೆ ದೂರ ತಳ್ಳಬೇಡಿ. ಸಮಾಧಾನಪಡಿಸಿದರೆ ಭಯ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಕಾಗಿಲ್ಲ. ಸಾಂತ್ವನ ನಾಯಿಯನ್ನು ಹೆದರುಪುಕ್ಕಲನ್ನಾಗಿ ಮಾಡುವುದಿಲ್ಲ.

## ಹಂತ 7: ಮನೆಯಿಂದ ಹೊರಗೆ

ಲೀಶನ್ನು ಮೊದಲು ಮನೆಯೊಳಗೇ ಅಭ್ಯಾಸ ಮಾಡಿಸಿ: ಲೀಶ್ ಕಂಡರೆ ತಿಂಡಿ, ಕೊಂಡಿ ಸಿಕ್ಕಿಸಿದ ಸದ್ದಿಗೆ ತಿಂಡಿ, ಸಡಿಲವಾಗಿ ಎರಡು ಹೆಜ್ಜೆ ನಡೆದರೆ ತಿಂಡಿ. ಹೊರಗೆ ಹೋಗುವಾಗ ಹಾರ್ನೆಸ್‌ಗೆ ಒಂದು, ಕೊರಳಪಟ್ಟಿಗೆ ಒಂದು ಎಂದು ಎರಡು ಕೊಂಡಿಗಳಿರಲಿ. ಮೊದಲ ದಿನಗಳ ‘ವಾಕಿಂಗ್’ ಹೊಸ್ತಿಲಲ್ಲಿ ನಿಂತು ಹೊರಗೆ ನೋಡುವುದಷ್ಟೇ ಆಗಿದ್ದರೂ ಚಿಂತೆಯಿಲ್ಲ. ಜನಸಂಚಾರ ಕಡಿಮೆ ಇರುವ ಹೊತ್ತನ್ನು ಆರಿಸಿಕೊಳ್ಳಿ, ನಾಯಿ ನಿಂತಲ್ಲಿ ನಿಲ್ಲಿ, ಮನೆಯತ್ತ ತಿರುಗಿದರೆ ವಾಪಸು ಬನ್ನಿ. ಜನರಿಗೆ ಒಗ್ಗಲಿ ಎಂದು ಸಂತೆ, ಮಾರುಕಟ್ಟೆ, ಸಮಾರಂಭಗಳಿಗೆ ಕರೆದೊಯ್ಯುವುದು ದೊಡ್ಡ ತಪ್ಪು. ಅಲ್ಲಿ ನಾಯಿ ಕಲಿಯುವುದು ಪಾರಾಗಲು ದಾರಿಯಿಲ್ಲವೆಂಬುದನ್ನು ಮಾತ್ರ.

ಇದೇ ಕಾಲದಲ್ಲಿ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನೂ ನಿಧಾನವಾಗಿ ಪರಿಚಯಿಸಿ. ಅದರೊಳಗೆ ತಿಂಡಿಯಿಟ್ಟು ನಾಯಿಯೇ ಮೂತಿ ತೂರಿಸುವಂತೆ ಕಲಿಸಿದರೆ, ಮುಂದೆ ವೈದ್ಯರ ಬಳಿ ಯಾರಿಗೂ ಗಾಯವಾಗದು. ಏದುಸಿರು ಬಿಡಲು, ನೀರು ಕುಡಿಯಲು ಜಾಗವಿರುವ ಅಳತೆಯದನ್ನೇ ಆರಿಸಬೇಕು.

## ಹಂತ 8: ಹೊಸಬರ ಪರಿಚಯ

ಒಬ್ಬರನ್ನು ನಂಬಿದ ನಾಯಿ ಎಲ್ಲರನ್ನೂ ನಂಬಿತೆಂದು ಭಾವಿಸಬೇಡಿ. ಪ್ರತಿ ಹೊಸ ವ್ಯಕ್ತಿಯೊಂದಿಗೆ ಹಂತ 4ರಿಂದಲೇ ಆರಂಭಿಸಬೇಕು, ಸಾಮಾನ್ಯವಾಗಿ ಎರಡನೆಯವರಿಗೆ ಮೊದಲನೆಯವರಷ್ಟು ಕಾಲ ಹಿಡಿಯುವುದಿಲ್ಲ. ಅತಿಥಿಗಳಿಗೆ ಮೂರು ಮಾತು ಮೊದಲೇ ಹೇಳಿಬಿಡಿ: ನೋಡಬೇಡಿ, ಮಾತನಾಡಿಸಬೇಡಿ, ಮುಟ್ಟಬೇಡಿ. ‘ನಾಯಿಗಳಿಗೆ ನಾನೆಂದರೆ ಇಷ್ಟ’ ಎನ್ನುತ್ತ ಮುಂದೆ ಬಾಗುವವರು ಬಂದರೆ ನಾಯಿಯನ್ನು ಅದರ ಕೋಣೆಯಲ್ಲೇ ಬಿಡಿ. ಅತಿಥಿಯ ಕೈಯಿಂದ ತಿಂಡಿ ಕೊಡಿಸುವುದೂ ಆರಂಭದಲ್ಲಿ ಬೇಡ. ಅತಿಥಿ ದೂರದಲ್ಲಿ ಕುಳಿತಿರಲಿ, ತಿಂಡಿಯನ್ನು ನೀವೇ ಎಸೆಯಿರಿ. ನಾಯಿ ಶಾಂತವಾಗಿದ್ದರೂ ಅತಿಥಿ ಎದ್ದು ನಿಂತ ಕ್ಷಣ ಬೊಗಳುವುದು ಸಾಮಾನ್ಯ, ಆದ್ದರಿಂದ ಏಳುವ ಮೊದಲು ನಿಮಗೆ ತಿಳಿಸಲು ಅವರಿಗೆ ಹೇಳಿರಿ.

## ಹಿಂದಕ್ಕೆ ಜಾರಿದಾಗ

ಬೆಳಿಗ್ಗೆ ಪಾತ್ರೆ ಬಿದ್ದ ಸದ್ದು, ಮಧ್ಯಾಹ್ನ ಅಪರಿಚಿತರ ಭೇಟಿ, ಸಂಜೆ ಸ್ನಾನ: ಒಂದೊಂದನ್ನೇ ನಾಯಿ ಸಹಿಸಬಲ್ಲದು, ಮೂರೂ ಸೇರಿದರೆ ರಾತ್ರಿ ನೀವು ಚಾದರ ಕೊಡವಿದ್ದಕ್ಕೇ ಹಲ್ಲು ತೋರಿಸಬಹುದು. ದೊಡ್ಡ ಗಾಬರಿಯ ನಂತರ ದೇಹ ಸಹಜ ಸ್ಥಿತಿಗೆ ಮರಳಲು ಗಂಟೆಗಳು, ಕೆಲವೊಮ್ಮೆ ಒಂದೆರಡು ದಿನಗಳೂ ಬೇಕಾಗುತ್ತವೆ. ಅಂಥ ದಿನಗಳಲ್ಲಿ ಅಭ್ಯಾಸ ನಿಲ್ಲಿಸಿ, ಹಂತ 3ರ ದಿನಚರಿಗೆ ಮರಳಿ. ನಾಯಿ ಏನಾದಾಗ ಹೆದರಿತು, ಎಷ್ಟು ದೂರದಲ್ಲಿ, ಚೇತರಿಸಿಕೊಂಡು ತಿನ್ನಲು ಎಷ್ಟು ಹೊತ್ತು ಹಿಡಿಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಬಹಳ ಉಪಯುಕ್ತ, ಏಕೆಂದರೆ ಪ್ರಗತಿ ಮೊದಲು ಕಾಣುವುದು ಚೇತರಿಕೆಯ ವೇಗದಲ್ಲಿ.

ಎಲ್ಲ ಹೆದರಿದ ನಾಯಿಗಳೂ ಏಟು ತಿಂದವೇ ಆಗಿರಬೇಕಾಗಿಲ್ಲ. ಮರಿ ಸುಮಾರು 3ರಿಂದ 14 ವಾರಗಳ ವಯಸ್ಸಿನಲ್ಲಿ ಮನುಷ್ಯರನ್ನು ಕಾಣದೆ ಬೆಳೆದರೆ, ಯಾರೂ ಹಿಂಸಿಸದಿದ್ದರೂ ಮನುಷ್ಯರು ಅದಕ್ಕೆ ಅಪಾಯಕಾರಿ ಅಪರಿಚಿತರಾಗಿಯೇ ಉಳಿಯಬಹುದು. ಇಂತಹ ನಾಯಿ ಮನೆಯವರನ್ನು ಹಚ್ಚಿಕೊಂಡರೂ ಹೊರಗಿನವರ ಬಗ್ಗೆ ಜೀವನವಿಡೀ ಹಿಂಜರಿಯಬಹುದು. ಅದನ್ನು ಸೋಲೆಂದುಕೊಂಡು ಒತ್ತಾಯಿಸಬಾರದು.

## ಯಾವಾಗ ನೆರವು ಪಡೆಯಬೇಕು

ನಾಯಿ ಕಚ್ಚಿದರೆ ಮೊದಲ ಕೆಲಸ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಗಾಯ ಎಷ್ಟೇ ಚಿಕ್ಕದಿದ್ದರೂ ಕೂಡಲೇ ವೈದ್ಯರನ್ನು ಕಾಣುವುದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಂದ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ.

ಕೆಲವು ವಾರಗಳಾದರೂ ನಾಯಿ ಮನುಷ್ಯರಿದ್ದಾಗ ಏನನ್ನೂ ತಿನ್ನದಿದ್ದರೆ, ತನ್ನ ಕಾಲನ್ನೇ ಕಡಿದುಕೊಳ್ಳುತ್ತಿದ್ದರೆ, ಗೋಡೆ ಬಾಗಿಲುಗಳಿಗೆ ಡಿಕ್ಕಿ ಹೊಡೆದು ಗಾಯ ಮಾಡಿಕೊಳ್ಳುತ್ತಿದ್ದರೆ ಔಷಧದ ಬಗ್ಗೆ ಪಶುವೈದ್ಯರೊಂದಿಗೆ ಮಾತನಾಡಿ. ಫ್ಲುಆಕ್ಸೆಟಿನ್, ಕ್ಲೋಮಿಪ್ರಮಿನ್‌ನಂತಹ ಔಷಧಗಳು ನಾಯಿಗೆ ಪಾಠ ಕಲಿಯಲು ಸಾಧ್ಯವಾಗುವ ಮಟ್ಟಕ್ಕೆ ಭಯವನ್ನು ಇಳಿಸಬಲ್ಲವು. ಅವುಗಳ ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಎಂಟು ವಾರ ಹಿಡಿಯುವುದರಿಂದ ಎರಡನೆಯ ವಾರಕ್ಕೇ ಕೈಬಿಡಬಾರದು. ಮಂಪರು ಬರಿಸುವ ಔಷಧವಾದ ಅಸೆಪ್ರೊಮಝೀನ್ ಒಂದನ್ನೇ ಕೊಟ್ಟರೆ ನಾಯಿಯ ಚಲನೆ ಕುಗ್ಗುತ್ತದೆಯೇ ಹೊರತು ಭಯ ಕುಗ್ಗುವುದಿಲ್ಲ, ಆದ್ದರಿಂದ ಅದನ್ನು ಸೂಚಿಸಿದರೆ ಬೇರೆ ಆಯ್ಕೆಗಳಿವೆಯೇ ಎಂದು ಕೇಳಿ. ಮನುಷ್ಯರ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡಲೇಬೇಡಿ.

ತರಬೇತುದಾರರನ್ನು ಆರಿಸುವಾಗ ಎರಡು ಪ್ರಶ್ನೆ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನು ಮಾಡುತ್ತೀರಿ, ತಪ್ಪಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರವಾಗಿ ಶಾಕ್ ಪಟ್ಟಿ, ಮುಳ್ಳುಪಟ್ಟಿ, ಉಸಿರುಗಟ್ಟಿಸುವ ಸರಪಳಿ ಅಥವಾ ನೆಲಕ್ಕೆ ಒತ್ತಿ ಹಿಡಿಯುವ ಮಾತು ಬಂದರೆ, ಅವರನ್ನು ನಾಯಿಯಿರುವ ಕೋಣೆಗೆ ಬಿಡಬೇಡಿ.